ಮಿಲ್ಲಿನ ಪ್ರೇಮಣ್ಣನ ಎರಡು ಕಪ್ಪೆ

ಸರಸಕ್ಕ ಆ ಕಪ್ಪೆಗಳ ಸುದ್ದಿ ಮೊದಲ ಸಲ ಕೇಳಿದ್ದು ತೊಂಬತ್ತೆಂಟನೇ ಇಸವಿಯ ಮೇ ತಿಂಗಳ ಕೊನೆಗೆ, ಮೆಣಸಿನ ಪುಡಿ ಮಾಡಿಸಲು ಹೋದ ದಿನ. ಮಳೆಗಾಲಕ್ಕೆ ಸಾಕಾಗುವಷ್ಟು ಒಣಮೆಣಸು, ಕೊತ್ತಂಬರಿ ಹುರಿದು ಚೀಲಕ್ಕೆ ತುಂಬಿ ಕಿರಿಮಂಜೇಶ್ವರದ ಹಿಟ್ಟಿನ ಮಿಲ್ಲಿಗೆ ಹೊತ್ತುಕೊಂಡು ಹೋದರೆ, ಮಿಲ್ಲಿನ ಮಾಡು ಅರ್ಧ ಬೋಳಾಗಿತ್ತು. ಹಂಚೆಲ್ಲ ಇಳಿಸಿ ಅಂಗಳದಲ್ಲಿ ಪೇರಿಸಿದ್ದರು. ಮಳೆ ಹಿಡಿಯುವ ಮುಂಚೆ ಒಡಕು ಹಂಚು ಆರಿಸಿ ತೆಗೆದು, ಗಟ್ಟಿ ಇದ್ದದ್ದನ್ನು ಮತ್ತೆ ಹೊದಿಸುವುದು ಆ ಕಡೆಯ ಎಲ್ಲ ಮನೆಯ ಕೆಲಸ. ಮಿಲ್ಲಿನ ಯಜಮಾನ ಪ್ರೇಮಾನಂದರ ಹೆಂಡತಿ ಸುಗುಣ ರಾಶಿಯ ಹತ್ತಿರ ಕೂತು, ಒಂದೊಂದೇ ಹಂಚನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದಳು. ಅದನ್ನು ನೋಡಿ ಸರಸಕ್ಕನಿಗೆ ತಡೆಯಲಾಗಲಿಲ್ಲ. ಅವಳ ಚೀಲದ ಮುಂದೆ ಇನ್ನೂ ನಾಲ್ಕು ಚೀಲ ಸಾಲಿನಲ್ಲಿದ್ದವು. ಸುಗುಣನ ಪಕ್ಕ ಕುಕ್ಕರಗಾಲಿನಲ್ಲಿ ಕೂತವಳೇ ಬೆರಳ ಗಂಟಿನಿಂದ ಹಂಚಿಗೆ ಒಂದೊಂದು ಪೆಟ್ಟು ಕೊಡುತ್ತಾ ಹೋದಳು. ಟಣ್ ಎಂದದ್ದು ಬಲಕ್ಕೆ, ಟಕ್ ಎಂದದ್ದು ಎಡಕ್ಕೆ. ಕಣ್ಣು ಹಂಚಿನ ಮೇಲಿರಲಿಲ್ಲ. ಬಾಯಿ ಸುಗುಣನ ಹತ್ತಿರ ಮಾವಿನ ಮಿಡಿ ಈ ವರ್ಷ ಎಲ್ಲಿ ಸಿಕ್ಕೀತು ಎಂದು ವಿಚಾರಿಸುತ್ತಿತ್ತು.

ಅದು ಅವಳಿಗೆ ಇಪ್ಪತ್ನಾಲ್ಕು ವರ್ಷದ ಅಭ್ಯಾಸ. ಕುಂದಾಪುರದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ, ಸುಟ್ಟು ತಣಿದ ಹಂಚನ್ನು ಬಡಿದು ನೋಡಿ ಒಂದನೇ ನಂಬರು, ಎರಡನೇ ನಂಬರು ಎಂದು ಬೇರೆ ಮಾಡುವ ಸಾಲಿನಲ್ಲಿ ಅವಳು ಕೂತಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ತೀರಿಕೊಂಡ ಮೇಲೆ ಆ ಕೆಲಸವೇ ಮನೆ ನಡೆಸಿತ್ತು. ಕಾರ್ಖಾನೆ ನಿಂತ ಮೇಲೆ ಹಾಡಿಯೆಂಬ ಕುರುಚಲು ಕಾಡಿನ ಅಂಚಿನ ತನ್ನ ಎರಡು ಕೋಣೆಯ ಮನೆಗೆ ಬಂದು ಕೂತಿದ್ದಳು. ಬೆರಳ ಗಂಟು ಮಾತ್ರ ಇನ್ನೂ ದಪ್ಪಗೇ ಇತ್ತು.

ಮಿಲ್ಲಿನ ಸದ್ದು ತಟ್ಟನೆ ನಿಂತಿತು. ಹುಬ್ಬಿಗೆ, ಮೀಸೆಗೆ ಹಿಟ್ಟು ಮೆತ್ತಿಕೊಂಡ ಪ್ರೇಮಾನಂದರು ಹೊರಗೆ ಬಂದು ನಿಂತರು. ಊರೆಲ್ಲ ಅವರನ್ನು ಪ್ರೇಮಣ್ಣ ಅನ್ನುವುದು. ಉದ್ದ ಆಳು, ಬಾಗಿದ ಬೆನ್ನು, ಎಲ್ಲರ ಹತ್ತಿರವೂ ಕೂಗಿಯೇ ಮಾತಾಡುವವರು. ಮಿಲ್ಲಿನವರೆಂದರೆ ಹಾಗೆಯೇ ಎಂದು ಯಾರೂ ಅದನ್ನು ಗಮನಿಸಿರಲಿಲ್ಲ. ಅವರು ಎಡಗಡೆಯ ರಾಶಿಯಿಂದ ಒಂದು ಹಂಚು ಎತ್ತಿ, ತಿರುಗಿಸಿ, ಕಣ್ಣಿನ ಹತ್ತಿರ ತಂದು, ಉಗುರಿನಿಂದ ಕೆರೆದು, ಕೊನೆಗೆ ಕೂದಲೆಳೆಯಷ್ಟು ಸಣ್ಣ ಬಿರುಕೊಂದನ್ನು ಕಂಡರು. ಇನ್ನೊಂದು ಎತ್ತಿದರು. ಅದರಲ್ಲೂ ಇತ್ತು.

"ಸರಸಕ್ಕ, ಇದ್ ನಿಮ್ಗ್ ಕಂಡ್ ಗೊತ್ತಾದ್ದಾ, ಕೇಂಡ್ ಗೊತ್ತಾದ್ದಾ?"

"ಕಾಂಬುಕೆ ಎಂತ ಇತ್ತ್ ಪ್ರೇಮಣ್ಣ? ಕೇಂಡೇ."

ಕೇಳಿಯೇ ಗೊತ್ತಾದದ್ದು ಎಂದ ಕೂಡಲೇ ಅವರು ಸರಸಕ್ಕನನ್ನು ಮಿಲ್ಲಿನ ಹಿಂದುಗಡೆಗೆ ಕರೆದರು. ಅಲ್ಲಿಂದಲೇ ಹಾಡಿ ಶುರು. ಮೋಡ ಕವಿದಿತ್ತು, ಹಿಂದಿನ ದಿನ ಒಂದು ಮಳೆ ಬಿದ್ದಿತ್ತು. ಈಗ ಏನೇನು ಕೇಳಿಸುತ್ತದೆ ಹೇಳಿ ಎಂದರು. ಸರಸಕ್ಕ ಗಾಬರಿಯಾದಳು. ಕಾಗೆ ಅಂದಳು. ಹೈವೇಯಲ್ಲಿ ಬಸ್ಸು ಅಂದಳು. ಸಮುದ್ರ ಅಂದಳು. ಮತ್ತೆ ಎಂದು ಕೇಳಿದರು. ಮತ್ತೆ ಏನೂ ಇಲ್ಲ, ಅದೊಂದು ಟಿಕ್ ಟಿಕ್ ಟಿಕ್ ಎಂದು, ಉಗುರಿನಿಂದ ಸ್ಟೀಲಿನ ಮುಚ್ಚಳ ಬಡಿದ ಹಾಗೆ, ಅಷ್ಟೇ ಎಂದಳು. ಪ್ರೇಮಣ್ಣ ಹಾಡಿಯ ಕಡೆಗೂ ಅವಳ ಮುಖದ ಕಡೆಗೂ ನೋಡಿದರು.

"ಅದ್ ಕಪ್ಪಿ ಸರಸಕ್ಕ. ಎಷ್ಟ್ ಬಗಿ ಕೇಂತ್, ಒಂದಾ ಎರಡಾ?"

ಒಬ್ಬ ಬೆಳೆದ ಗಂಡಸು, ನಾಲ್ಕು ಚೀಲ ಮೆಣಸು ಕಾಯುತ್ತಿರುವಾಗ, ಮಿಲ್ಲು ನಿಲ್ಲಿಸಿ ತನ್ನ ಹತ್ತಿರ ಕಪ್ಪೆ ಎಷ್ಟು ಬಗೆ ಎಂದು ಕೇಳುತ್ತಿದ್ದಾರೆ. ಸರಸಕ್ಕನಿಗೆ ನಗಬೇಕೋ ಓಡಬೇಕೋ ತಿಳಿಯಲಿಲ್ಲ. ಅಂಗಳದಿಂದ ಸುಗುಣ ಕೂಗಿ ಹೇಳಿದಳು, ಕಪ್ಪೆ ಸಾಕು ಸರಸಕ್ಕ, ಬೇಗ ಬನ್ನಿ, ಇಲ್ಲದಿದ್ದರೆ ನಿಮ್ಮ ಮೆಣಸಿನ ಜೊತೆ ಅದನ್ನೂ ಪುಡಿ ಮಾಡಿ ಕೊಟ್ಟಾರು ಎಂದು.

ಕಪ್ಪೆಯ ಹುಚ್ಚು ಹಿಡಿದದ್ದು ಅದರ ಹಿಂದಿನ ವರ್ಷ. ಬ್ರಹ್ಮಾವರದ ಸುಪ್ರೀತಾ ಮೇಡಮ್ ಎಂಬವರು, ಕಾಲೇಜಿನಲ್ಲಿ ಪಾಠ ಹೇಳುವ ನಲವತ್ತರ ಹೆಂಗಸು, ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲೆಲ್ಲಿ ಯಾವ ಯಾವ ಮರಗಪ್ಪೆ ಇದೆ ಎಂದು ಪಟ್ಟಿ ಮಾಡುತ್ತಾ ತಿರುಗುತ್ತಿದ್ದರು. ಮಳೆಗೆ ಮಿಲ್ಲಿನ ಜಗಲಿ ಹತ್ತಿದವರು ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಕೂತ ಹೆಬ್ಬೆರಳ ಉಗುರಿನಷ್ಟು ಕಪ್ಪೆಯೊಂದನ್ನು ತೋರಿಸಿ, ಇದು ಜನ್ಮದಲ್ಲಿ ನೆಲಕ್ಕಿಂತ ಗಿಡದ ಮೇಲೆಯೇ ಜಾಸ್ತಿ ಇರುವುದು, ನೋಡಿ ಇದರ ಬೆರಳ ತುದಿಯ ಬಿಲ್ಲೆ ಎಂದರಂತೆ. ಮೂವತ್ತು ವರ್ಷ ಆ ಪೆಟ್ಟಿಗೆಯ ಸ್ವಿಚ್ಚು ಒತ್ತಿದ ಪ್ರೇಮಣ್ಣ ಅಲ್ಲಿ ಒಂದು ಜೀವ ಕೂತಿರುತ್ತದೆ ಎಂದು ಅಲ್ಲಿಯವರೆಗೆ ನೋಡಿರಲಿಲ್ಲ. ಅದೇ ಅವರನ್ನು ಹಿಡಿಯಿತು. ಅಂದಿನಿಂದ ಟಾರ್ಚು ಹಿಡಿದು ಹಾಡಿಗೆ ಹೋಗುವುದು, ಪುಸ್ತಕದಲ್ಲಿ ಬರೆಯುವುದು, ತಿಂಗಳಿಗೊಂದು ಕಾರ್ಡು ಮೇಡಮಿಗೆ ಹಾಕುವುದು. ಹಿಡಿದು ಕೊಲ್ಲುವುದು, ಬಾಟಲಿಗೆ ತುಂಬುವುದು ಏನೂ ಇಲ್ಲ. ನೋಡುವುದು, ಬರೆಯುವುದು.

ತೊಂದರೆ ಬಂದದ್ದು ಎರಡು ಬಗೆಯ ಕಪ್ಪೆಗಳ ವಿಷಯದಲ್ಲಿ. ಮೊದಮೊದಲು ಪ್ರೇಮಣ್ಣ ಹಾಡಿಯಲ್ಲಿ ಆರು ಬಗೆ ಸಣ್ಣ ಕಪ್ಪೆ ಇದೆ ಎಂದು ಬರೆದರು. ಹಳದಿ ಒಂದು, ಕಂದು ಒಂದು, ಬೆನ್ನಿಗೆ ಗೆರೆ ಇದ್ದದ್ದು ಒಂದು, ಹೀಗೆ. ಮೇಡಮ್ ಬಂದು ನೋಡಿ, ಬಣ್ಣ ನಂಬಬೇಡಿ, ಬೆಳಿಗ್ಗೆ ಹಳದಿ ಇದ್ದದ್ದೇ ಸಂಜೆಗೆ ಕಂದಾಗುತ್ತದೆ ಎಂದರು. ಆರು ಹೋಗಿ ಮೂರಾಯಿತು. ಕಣ್ಣಿನ ಹಿಂದಿನ ಮಡಿಕೆ ನೋಡಿ, ಕಾಲ್ಬೆರಳ ನಡುವಿನ ಚರ್ಮ ನೋಡಿ ಎಂದರು. ಮೂರು ಹೋಗಿ ಒಂದೋ ಎರಡೋ ಎಂದಾಯಿತು. ಅಲ್ಲಿಗೆ ನಿಂತಿತು. ಕಣ್ಣಿಗೆ ಅವೆರಡೂ ಒಂದೇ ತಾಯಿಯ ಮಕ್ಕಳು. ಇವನ್ನು ಬೇರೆ ಮಾಡಲು ಕೂಗು ಒಂದೇ ದಾರಿ, ನಿಮ್ಮಲ್ಲಿ ಒಂದಿದೆಯೋ ಎರಡೂ ಇದೆಯೋ ಕೇಳಿ ಬರೆಯಿರಿ, ಪಟ್ಟಿ ಅಚ್ಚಾಗುವಾಗ ಕಿರಿಮಂಜೇಶ್ವರದ ಜಾಗದಲ್ಲಿ ನೀವು ಹೇಳಿದ್ದನ್ನೇ ಹಾಕುತ್ತೇನೆ ಎಂದು ಹೇಳಿ, ಮೇಡಮ್ ಟೇಪ್ ರೆಕಾರ್ಡರಿನಲ್ಲಿ ಎರಡೂ ಕೂಗನ್ನು ಹಾಕಿ ತೋರಿಸಿದರು.

ಪ್ರೇಮಣ್ಣನಿಗೆ ಎರಡೂ ಕೇಳಿಸಲಿಲ್ಲ.

ಇದನ್ನು ಅವರು ಸರಸಕ್ಕನಿಗೆ ಹೇಳಿದ್ದು ಮೆಣಸಿನ ಪುಡಿ ಕೊಡುವಾಗ, ಅವರಿಗೆ ಸಾಧ್ಯವಾದಷ್ಟು ಮೆಲ್ಲಗೆ. ಎಮ್ಮೆ ಕೂಗಿದ್ದು ಕೇಳುತ್ತದೆ, ಬಸ್ಸಿನ ಹಾರನ್ನು ಕೇಳುತ್ತದೆ, ದೊಡ್ಡ ಗೋಂಕರು ಕಪ್ಪೆ ಗದ್ದೆಯಲ್ಲಿ ವಟಗುಟ್ಟಿದ್ದು ಕೇಳುತ್ತದೆ. ಸಣ್ಣ ಸದ್ದು ಮಾತ್ರ ಮೂವತ್ತು ವರ್ಷ ಮಿಲ್ಲಿನ ಬೆಲ್ಟಿನ ಪಕ್ಕ ನಿಂತು ಸವೆದು ಹೋಗಿತ್ತು. ಮೇಡಮಿನ ಮುಂದೆ ಅವರು ತಲೆ ಆಡಿಸಿಬಿಟ್ಟಿದ್ದರು. ಒಂದು ಸಲ ತಲೆ ಆಡಿಸಿದ ಮೇಲೆ ಇನ್ನೊಂದು ಸಲ ಇಲ್ಲ ಅನ್ನುವುದು ಹೇಗೆ? ಸುಗುಣನಿಗೂ ಹೇಳಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಸರಸಕ್ಕ. ನೀವ್ ಕೇಣಿ, ನಾ ಬರಿತೆ. ಸುಳ್ಳ್ ಬರೂಕೆ ಮಾತ್ರ ನಂಗ್ ಮನ್ಸಿಲ್ಲೆ."

ಹೀಗೆ ಆ ಮಳೆಗಾಲದಿಂದ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಪ್ರೇಮಣ್ಣ, ಸುಗುಣ ಇಬ್ಬರೂ ಸರಸಕ್ಕನ ಜಗಲಿಗೆ ಬರುವರು. ಗಂಡನೊಬ್ಬನನ್ನೇ ವಿಧವೆಯ ಮನೆಗೆ ಕಳಿಸಿದರೆ ಊರು ಕಪ್ಪೆಯ ಮಾತು ಬಿಟ್ಟು ಬೇರೆ ಮಾತಾಡೀತು ಎಂದು ಸುಗುಣನೇ ನಗುತ್ತಾ ಹೇಳಿ ಜೊತೆಗೆ ಬಂದು, ಹೂ ಕಟ್ಟುತ್ತಾ ಕೂರುವಳು. ಸರಸಕ್ಕನ ಕಿವಿ ಚುರುಕು, ತನ್ನ ಕಣ್ಣು ಚುರುಕು, ಹಾಗಾಗಿ ಜೋಡಿ ಎಂದು ಪ್ರೇಮಣ್ಣ ಅವಳಿಗೆ ಹೇಳಿದ್ದರು.

ಸರಸಕ್ಕ ಕಣ್ಣು ಮುಚ್ಚಿ ಕೂರುವಳು. ಮೊದಲ ವಾರ ತಲೆ ಕೆಟ್ಟುಹೋಯಿತು. ಹಂಚು ಒಂದು ಪೆಟ್ಟಿಗೆ ಒಂದು ಉತ್ತರ ಕೊಡುತ್ತದೆ. ಇವು ನಾಲ್ಕು ಕಡೆಯಿಂದ ಒಟ್ಟಿಗೆ ಉತ್ತರ ಕೊಡುತ್ತವೆ, ನಡುವೆ ಹಲ್ಲಿ ಲೊಚಗುಟ್ಟುತ್ತದೆ, ಜೀರುಂಡೆ ಕಿರ್ ಅನ್ನುತ್ತದೆ. ಮೂರು ದಿನ ಒಂದೇ ಜಾಗದಿಂದ, ಹೊಸ ಬಗೆ, ದಪ್ಪ ದನಿ, ನಿಧಾನಕ್ಕೆ ಕೂಗುತ್ತದೆ ಎಂದು ಹೇಳಿ ಪ್ರೇಮಣ್ಣನನ್ನು ಮುಳ್ಳಿನಲ್ಲಿ ಹತ್ತಿಸಿ ಇಳಿಸಿದಳು. ನಾಲ್ಕನೇ ದಿನ ನೆರೆಮನೆಯ ಹೆಂಗಸು ಬಾಗಿ, ಸೂರಿನ ಹನಿ ಬೀಳುವಲ್ಲಿ ಇಟ್ಟಿದ್ದ ತನ್ನ ಅಲ್ಯುಮಿನಿಯಮ್ ಪಾತ್ರೆ ತೆಗೆದಳು, ಹೊಸ ಬಗೆಯ ಕೂಗು ನಿಂತಿತು. ಬಾಗಿ ಆಮೇಲೆ ಎರಡು ವರ್ಷ, ದಾರಿಯಲ್ಲಿ ಸಿಕ್ಕಾಗೆಲ್ಲ, ನಮ್ಮ ಪಾತ್ರೆ ಮರಿ ಹಾಕಿದೆ ಸರಸಕ್ಕ, ಬರೆಸಿಕೊಳ್ಳಿ ಎನ್ನುತ್ತಿದ್ದಳು.

ಕೊನೆಗೆ ಸರಸಕ್ಕ ಕಾರ್ಖಾನೆಯ ದಾರಿಯನ್ನೇ ಹಿಡಿದಳು. ಅಲ್ಲಿ ಮೇಸ್ತ್ರಿ ಹೇಳುತ್ತಿದ್ದದ್ದು, ಯೋಚನೆ ಮಾಡಬೇಡ, ಬಡಿ, ಕೇಳು, ಇಡು. ಯೋಚಿಸಿದರೆ ಎಲ್ಲ ಹಂಚೂ ಎರಡನೇ ನಂಬರು ಆಗುತ್ತದೆ. ಹಾಗಾಗಿ ಕೂಗು ಕಿವಿಗೆ ಬಿದ್ದ ಕೂಡಲೇ ಬಾಯಿಬಿಟ್ಟು ಹೇಳುವುದು. ಬಿಗಿಯಾಗಿ, ಬೇಗ ಬೇಗ, ಕೊನೆಗೊಂದು ಝಣಕು ಇದ್ದರೆ ಟಣ್. ಸಡಿಲವಾಗಿ, ಬಿಟ್ಟು ಬಿಟ್ಟು, ಮಂದವಾಗಿದ್ದರೆ ಟಕ್. ಪ್ರೇಮಣ್ಣ ಪುಸ್ತಕದಲ್ಲಿ ತಾರೀಕು, ಹೊತ್ತು, ಹವೆ, ಟಣ್, ಟಕ್ ಎಂದು ಗೆರೆ ಎಳೆದುಕೊಂಡರು. ಹವೆ ಎಂದರೆ ಅವರ ಲೆಕ್ಕದಲ್ಲಿ ಎರಡೇ, ಸೆಕೆ ಅಥವಾ ತಂಪು. ಹಿಟ್ಟು ಸೆಕೆಗೆ ಒಂದು ಥರ ಬೀಳುತ್ತದೆ, ತಂಪಿಗೆ ಗಂಟು ಕಟ್ಟುತ್ತದೆ, ಮಿಲ್ಲಿನವರಿಗೆ ಅದನ್ನು ಬರೆಯುವ ಚಾಳಿ.

ಅವಳು ಕೈ ತೋರಿಸಿದ ಕಡೆಗೆ ಪ್ರೇಮಣ್ಣ ಟಾರ್ಚು ಹಿಡಿದು ಹೋಗುವರು. ಕೇಪಳದ ಗಿಡದಲ್ಲಿ, ಗೇರಿನ ಎಲೆಯ ಮೇಲೆ ಅದು ಕೂತಿರುತ್ತಿತ್ತು, ಗಂಟಲು ಗುಳ್ಳೆಯ ಹಾಗೆ ಊದಿಕೊಂಡು. ಟಣ್ ಎಂದದ್ದನ್ನು ನೋಡಿ ಬಂದು ಚಿತ್ರ ಬರೆಯುವರು. ಟಕ್ ಎಂದದ್ದನ್ನು ನೋಡಿ ಬಂದು ಚಿತ್ರ ಬರೆಯುವರು. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಬರೆದವರಿಗೇ ತಿಳಿಯದು. ಒಂದು ವರ್ಷ, ಟಣ್‌ಗೆ ಕಣ್ಣಿನ ಕೆಳಗೆ ಬಿಳಿ ಚುಕ್ಕೆ ಇದೆ, ಸಿಕ್ಕಿತು ಎಂದು ಕುಣಿದಾಡಿದರು. ಮುಂದಿನ ಮಳೆಗೆ ಅದೇ ಚುಕ್ಕೆ ಟಕ್ ಕಪ್ಪೆಯ ಕಣ್ಣಿನ ಕೆಳಗೂ ಬಂತು. ಆ ದಿನ ಅವರು ಜಗಲಿಯ ಕಂಬಕ್ಕೆ ಒರಗಿ ಪುಸ್ತಕ ಮುಚ್ಚಿಟ್ಟರು. ಆಮೇಲೆ, ಕಣ್ಣಿನಲ್ಲಿ ಸಿಗುವುದಿಲ್ಲ ಸರಸಕ್ಕ, ಎಲ್ಲ ನಿಮ್ಮ ಕಿವಿಯ ಮೇಲೆ ಎಂದರು.

ಆ ಮಾತು ಸರಸಕ್ಕನಿಗೆ ಹೆಮ್ಮೆಯಾಗಿಯೂ ಕಂಡಿತು, ಹೆಗಲ ಮೇಲೆ ಭಾರ ಇಟ್ಟ ಹಾಗೆಯೂ ಕಂಡಿತು. ಎಷ್ಟೋ ಸಲ ರೊಟ್ಟಿ ಬೇಯಿಸುವಾಗ, ನಿನ್ನೆ ಟಕ್ ಅಂದೆನಲ್ಲ, ಅದು ಟಕ್ ಹೌದಾ ಎಂದು ಕೈ ನಿಂತುಬಿಡುತ್ತಿತ್ತು. ಕೇಳುವಾಗ ಗೊತ್ತಿರುತ್ತದೆ, ನೆನೆಯುವಾಗ ಗೊತ್ತಿರುವುದಿಲ್ಲ. ಹಂಚಾದರೆ ಮತ್ತೊಮ್ಮೆ ಬಡಿದು ನೋಡಬಹುದಿತ್ತು.

ಎರಡು ಸಾವಿರದ ಮೂರರಲ್ಲಿ ಸುಪ್ರೀತಾ ಮೇಡಮ್ ಕೂಗನ್ನು ತಾವೇ ಹಿಡಿದುಕೊಳ್ಳಲು ಟೇಪ್ ರೆಕಾರ್ಡರ್ ತಂದರು. ಬಸ್ಸಿಳಿದು ಬರುವಾಗಲೇ ಮಳೆ ಹೊಡೆಯಲು ಶುರುವಾಯಿತು. ಸರಸಕ್ಕನ ಜಗಲಿಯಲ್ಲಿ ಕೂತು ಅವಲಕ್ಕಿ ತಿಂದು, ಮಳೆ ಸ್ವಲ್ಪ ಬಿಟ್ಟು ಹೊಳವಾದಾಗ ಯಂತ್ರ ಹಿಡಿದು ಕೂತರೆ ಅದರಲ್ಲಿ ಮಾಡಿನ ನೀರಿನ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಪ್ರೇಮಣ್ಣ ಎಂದಿನಂತೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸರಸಕ್ಕನ ಕಡೆಗೆ ನೋಡಿದರು. ಗುಟ್ಟು ಬಿಡಬಾರದಲ್ಲ, ಹಾಗಾಗಿ ಅವಳು ಬಾಯಿ ಬಿಡದೆ ಬೆರಳಿನಲ್ಲಿ ತೋರಿಸುವುದು ಎಂದು ಮಾತಾಗಿತ್ತು, ಒಂದು ಬೆರಳು ಟಣ್, ಎರಡು ಬೆರಳು ಟಕ್. ಅವಳು ಸೆರಗಿನ ಮರೆಯಲ್ಲಿ ಒಂದು ತೋರಿಸಿದಳು, ಎರಡು ತೋರಿಸಿದಳು. ಪ್ರೇಮಣ್ಣ, ಈಗ ಎರಡೂ ಕೂಗುತ್ತಿವೆ ಮೇಡಮ್ ಎಂದರು. ಮೇಡಮಿಗೂ ಯಾವುದೋ ಕೇಳಿಸಿತು, ಆದರೆ ನೀರಿನ ಸದ್ದಿನಲ್ಲಿ ಯಾವುದೆಂದು ಅವರಿಗೂ ಗೊತ್ತಾಗಲಿಲ್ಲ. ಐದು ವರ್ಷದ ಪುಸ್ತಕ ತಿರುವಿ ಹಾಕಿ, ಇಷ್ಟು ಒಪ್ಪವಾಗಿ ಯಾರೂ ಬರೆದುಕೊಟ್ಟಿಲ್ಲ ಎಂದು ಹೇಳಿ, ಕೊನೆಯ ಬಸ್ಸಿಗೆ ಹೋದರು.

ಮೂರು ವರ್ಷ ಬಿಟ್ಟು ಪುಸ್ತಿಕೆ ಅಚ್ಚಾಗಿ ಅಂಚೆಯಲ್ಲಿ ಬಂತು. ಕಿರಿಮಂಜೇಶ್ವರದ ಮುಂದೆ ಎರಡೂ ಹೆಸರು ಇತ್ತು. ಕೊನೆಯ ಪುಟದಲ್ಲಿ, ನೆರವಾದವರು ಎಂಬಲ್ಲಿ, ಪ್ರೇಮಾನಂದ, ಹಿಟ್ಟಿನ ಮಿಲ್ಲು ಎಂದಿತ್ತು. ಸುಗುಣ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಪ್ರೇಮಣ್ಣ ಕೋಟೇಶ್ವರಕ್ಕೆ ಹೋಗಿ ಆ ಎರಡು ಪುಟದ ಝೆರಾಕ್ಸ್ ಮಾಡಿಸಿ ತಂದು ಸರಸಕ್ಕನಿಗೆ ಕೊಟ್ಟರು. ಕೊಟ್ಟವರು ಹೋಗದೆ ಅಲ್ಲೇ ನಿಂತರು. ಇದರಲ್ಲಿ ನಿಮ್ಮ ಹೆಸರು ಇರಬೇಕಿತ್ತು ಎಂದರು. ನನ್ನ ಹೆಸರು ಬಂದರೆ ನಿಮ್ಮ ಕಿವಿಯ ಸುದ್ದಿಯೂ ಬರಬೇಕಲ್ಲ ಪ್ರೇಮಣ್ಣ ಎಂದು ಸರಸಕ್ಕ ಕೂಗಿ ಹೇಳಿದಳು. ಅಷ್ಟರೊಳಗೆ ಎಲ್ಲರೂ ಅವರ ಹತ್ತಿರ ಕೂಗಿಯೇ ಮಾತಾಡಬೇಕಾಗಿತ್ತು. ಅವರು ನಗಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಮಿಲ್ಲು ನಿಂತಿತು. ಹಿಟ್ಟು ಕುಡಿದು ಕುಡಿದು ಪ್ರೇಮಣ್ಣನ ಎದೆ ಕಟ್ಟಿಕೊಂಡಿತ್ತು, ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ. ಮರುವರ್ಷದ ಏಪ್ರಿಲಿಗೆ ಹಾಸಿಗೆ ಹಿಡಿದರು.

ಅದೇ ಏಪ್ರಿಲ್‌ನಲ್ಲಿ ಸರಸಕ್ಕ ತನ್ನ ಮನೆಯ ಹಂಚು ಇಳಿಸಿದಳು. ಆಳು ಇಳಿಸಿಕೊಟ್ಟು ಊಟಕ್ಕೆ ಹೋಗಿದ್ದ. ಅವಳು ಅಂಗಳದಲ್ಲಿ ಕೂತು ಬಡಿದು ಬಡಿದು ನೋಡಿ, ಒಳ್ಳೆಯದರ ಮೇಲೆಲ್ಲ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದಿದ್ದಳು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಮಳೆ ಬಂದು, ಅರ್ಧ ಗಂಟೆ ಸುರಿದು ಹೋಯಿತು. ನಿಂತ ಮೇಲೆ ಬಂದು ನೋಡಿದರೆ ಸೀಮೆಸುಣ್ಣದ ಗೆರೆ ತೊಳೆದುಹೋಗಿ, ಯಾವುದು ಒಳ್ಳೆಯದು, ಯಾವುದು ಒಡಕು ಎಂದು ತಿಳಿಯದಂತಾಗಿತ್ತು. ಮತ್ತೆ ಬಡಿಯಲು ಕೂತಳು. ಮೊದಲನೆಯದು ಟಕ್. ಎರಡನೆಯದು ಟಕ್. ಹತ್ತು ಬಡಿದರೂ ಟಕ್.

ಅವಳಿಗೆ ಒಮ್ಮೆ ನಗು ಬಂತು. ಒದ್ದೆ ಹಂಚು ಬಡಿಯಬಾರದು ಎಂದು ಕಾರ್ಖಾನೆಯಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ನೀರು ಕುಡಿದ ಹಂಚು ಎಷ್ಟು ಒಳ್ಳೆಯದಾದರೂ ದನಿ ಬಿಡುವುದಿಲ್ಲ, ಒಣಗಿದರೆ ಅದೇ ಹಂಚು ಮತ್ತೆ ಟಣ್ ಅನ್ನುತ್ತದೆ. ಕಾರ್ಖಾನೆ ಬಿಟ್ಟು ಅದೊಂದು ಪಾಠವನ್ನೇ ಮರೆತೆನಲ್ಲ ಎಂದುಕೊಂಡಳು. ಆಮೇಲೆ ನಗು ನಿಂತಿತು. ಹಂಚನ್ನು ಮಡಿಲಲ್ಲಿ ಇಟ್ಟುಕೊಂಡು ಹಾಗೆಯೇ ಕೂತಳು.

ಟಣ್ ಅಂದದ್ದು ಯಾವ ದಿನ? ಮಳೆ ಬರುವ ಮೊದಲು, ಬೆವರು ಇಳಿಯುವ ಸಂಜೆ. ಟಕ್ ಅಂದದ್ದು ಯಾವ ದಿನ? ಮಳೆ ಹೊಡೆದು, ಸೆರಗು ಹೊದ್ದು ಕೂರುವ ಸಂಜೆ. ಕಪ್ಪೆಗೂ ಹಾಗೆ ಇದ್ದರೆ? ಸೆಕೆಗೆ ಬಿಗಿಯಾಗಿ ಕೂಗಿದ್ದೇ ತಂಪಿಗೆ ಸಡಿಲವಾಗಿ ಕೂಗಿದ್ದರೆ? ತಾನು ಹನ್ನೊಂದು ಮಳೆಗಾಲ ಎರಡು ಕಪ್ಪೆ ಎಂದು ಬೇರೆ ಮಾಡಿದ್ದು ಒಂದೇ ಕಪ್ಪೆಯ ಒಣಗಿದ ದನಿಯನ್ನೂ ಒದ್ದೆ ದನಿಯನ್ನೂ ಆಗಿದ್ದರೆ?

ಅಂದು ಸಂಜೆಯೇ ಮಿಲ್ಲಿನ ಮನೆಗೆ ಹೋಗಿ, ಸುಮ್ಮನೆ ನೋಡಲು ಎಂದು ಸುಗುಣನ ಹತ್ತಿರ ಪುಸ್ತಕಗಳನ್ನು ಕೇಳಿ ತಂದಳು. ಅಕ್ಷರ ಕೂಡಿಸಿ ಓದಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು, ಆದರೆ ಓದಬೇಕಾದದ್ದು ನಾಲ್ಕೇ ಶಬ್ದ. ಸೆಕೆ, ಟಣ್. ಸೆಕೆ, ಟಣ್. ತಂಪು, ಟಕ್. ಎರಡು ದಿನ ಬೆರಳಿಟ್ಟು ಓದಿದಳು. ಸೆಕೆಯ ದಿನ ಟಕ್ ಎಲ್ಲೂ ಇಲ್ಲ. ತಂಪಿನ ದಿನ ಟಣ್ ಎಲ್ಲೂ ಇಲ್ಲ. ಬರೀ ಒಂದು ದಿನ ಎರಡೂ ಒಟ್ಟಿಗೆ ಇದ್ದವು. ತಾರೀಕು ನೋಡಿದಳು. ಮೇಡಮ್ ಬಂದ ದಿನ.

ಆ ದಿನ ನಿಜವಾಗಿ ಏನು ಕೇಳಿಸಿತ್ತು ಎಂದು ಅವಳು ಎಷ್ಟು ನೆನೆದರೂ ಬರಲಿಲ್ಲ. ಅವಲಕ್ಕಿಗೆ ಕಾಯಿ ತುರಿದದ್ದು ನೆನಪಿತ್ತು, ಮೇಡಮಿನ ಚಪ್ಪಲಿಯ ಪಟ್ಟಿ ಹರಿದದ್ದು ನೆನಪಿತ್ತು, ಸೆರಗಿನ ಮರೆಯ ಬೆರಳು ನೆನಪಿತ್ತು. ಒಂದಾದ ಮೇಲೆ ಎರಡು ಬೆರಳು ಎತ್ತಿದ್ದು ಕೇಳಿಯೋ, ಅಷ್ಟು ದೂರದಿಂದ ಬಂದವರಿಗೆ ಒಂದೇ ಬಗೆ ಬಡಿಸಿ ಕಳಿಸುವುದು ಹೇಗೆ ಎಂದೋ? ನಿಜಕ್ಕೂ ಎರಡು ಇದ್ದರೂ ಇರಬಹುದು. ಇಲ್ಲದೆಯೂ ಇರಬಹುದು. ಅವಳಿಗೆ ಗೊತ್ತಾಗಲಿಲ್ಲ.

ಗೊತ್ತಿದ್ದದ್ದು ಒಂದೇ. ಪ್ರೇಮಣ್ಣ ಕಿವಿಯ ವಿಷಯ ಮುಚ್ಚಿಟ್ಟಿದ್ದರು, ಬರೆದದ್ದರಲ್ಲಿ ಸುಳ್ಳಿಲ್ಲ ಎಂಬ ಒಂದು ನಂಬಿಕೆಯ ಮೇಲೆ. ಆ ನಂಬಿಕೆ ಈಗ ಅವಳ ಮಡಿಲಲ್ಲಿ ಒದ್ದೆ ಹಂಚಿನ ಹಾಗೆ ಕೂತಿತ್ತು. ಸುಗುಣನಿಗೆ ಹೇಳಿದಳು, ಕಿವಿಯದ್ದೂ ಸೇರಿಸಿ ಎಲ್ಲ ಹೇಳಿದಳು. ಕಿವಿಯದ್ದು ನನಗೆ ಗೊತ್ತಿಲ್ಲವಾ, ಮೂವತ್ತೈದು ವರ್ಷ ಜೊತೆಗೆ ಇದ್ದವಳು ಎಂದಳು ಸುಗುಣ. ಆಮೇಲೆ ಸೆರಗಿನ ತುದಿ ಸುತ್ತುತ್ತಾ, ಇದನ್ನು ಮಾತ್ರ ಅವರಿಗೆ ಹೇಳಬೇಡಿ, ಆ ಪುಸ್ತಿಕೆ ತಲೆದಿಂಬಿನ ಕೆಳಗಿದೆ, ಹಾಗೆಯೇ ಹೋಗಲಿ ಎಂದಳು.

ಸರಸಕ್ಕ ಹತ್ತು ದಿನ ಹೇಳಲಿಲ್ಲ. ದಿನಾ ಹೋಗಿ ಗಂಜಿಯ ಬಟ್ಟಲು ಹಿಡಿದು ಕೂತು ಬರುವಳು. ಪ್ರೇಮಣ್ಣ ಕೈಸನ್ನೆಯಲ್ಲಿ, ಕೂಗು ಶುರುವಾಯಿತಾ ಎಂದು ಕೇಳುವರು. ಅವಳು ಇಲ್ಲ ಎಂದು ತಲೆ ಆಡಿಸುವಳು. ಒಂದು ಮಂಗಳವಾರ, ಬೆಳಿಗ್ಗೆ ಮಳೆ ಬಿದ್ದು ಬಿಟ್ಟಿತ್ತು, ಹಾಡಿಯ ಕಡೆಯಿಂದ ಒಂದು ಟಿಕ್ ಟಿಕ್ ಎದ್ದಿತು. ಪ್ರೇಮಣ್ಣ ಅವಳ ಮುಖ ನೋಡಿಯೇ ತಿಳಿದುಕೊಂಡರು. ಟಣ್ಣಾ ಟಕ್ಕಾ ಎಂದು ಕೇಳಿದರು. ಅವಳ ಬೆರಳು ಏಳಲಿಲ್ಲ.

"ಗೊತ್ತಿಲ್ಲೆ ಪ್ರೇಮಣ್ಣ," ಎಂದಳು. ಅವರಿಗೆ ಕೇಳಿಸಲಿಲ್ಲ.

ಎದ್ದು ಅವರ ಕಿವಿಯ ಹತ್ತಿರ ಬಾಯಿ ಇಟ್ಟು ಕೂಗಬೇಕಾಯಿತು. ಹನ್ನೊಂದು ವರ್ಷ ಸೆರಗಿನ ಮರೆಯಲ್ಲಿಟ್ಟದ್ದನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಬೇಕಾಯಿತು. ಒದ್ದೆ ಹಂಚಿನ ಕತೆ, ಸೆಕೆ ತಂಪಿನ ಕತೆ, ಮೇಡಮ್ ಬಂದ ದಿನದ ಬೆರಳಿನ ಕತೆ. ನಡುವೆ ಅಳು ಬಂತು, ಅಳುತ್ತಲೇ ಕೂಗಿದಳು. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಬಾಗಿಯ ಕೊಡಪಾನ ಅರ್ಧಕ್ಕೆ ನಿಂತಿತು. ಸುಗುಣ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು, ತಡೆಯಲಿಲ್ಲ.

ಪ್ರೇಮಣ್ಣ ಪುಸ್ತಕ ತರಿಸಿದರು. ಹವೆಯ ಗೆರೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ, ಮೇಲಿಂದ ಕೆಳಗೆ, ಪುಟ ಪುಟ ನೋಡುತ್ತಾ ಹೋದರು. ಅವರ ಮುಖದಲ್ಲಿ ಇದ್ದದ್ದು ಸಿಟ್ಟೋ ದುಃಖವೋ ಸರಸಕ್ಕನಿಗೆ ತಿಳಿಯಲಿಲ್ಲ. ಆರು ಬಗೆ ಮೂರಾದ ದಿನ, ಬಿಳಿ ಚುಕ್ಕೆ ಸುಳ್ಳಾದ ದಿನ ಇದ್ದ ಮುಖವೇ ಅದು ಎಂದು ಆಮೇಲೆ ಅನ್ನಿಸಿತು. ಹವೆ ಬರೆದದ್ದು ನಾನೇ, ನೋಡದೆ ಹೋದದ್ದೂ ನಾನೇ ಎಂದರು. ಒಂದು ಕಾರ್ಡು ತರಲು ಹೇಳಿದರು. ಉಸಿರು ಎಳೆದೆಳೆದು ಅವರು ಹೇಳಿದ್ದನ್ನು ಸುಗುಣ ಬರೆದಳು. ಕಿರಿಮಂಜೇಶ್ವರದ ಎರಡನೇ ಹೆಸರು ಖಾತ್ರಿ ಇಲ್ಲ. ಮೊದಲನೆಯದು ಯಾವುದೆಂದೂ ಖಾತ್ರಿ ಇಲ್ಲ. ನನಗೆ ಸಣ್ಣ ಸದ್ದು ಮೊದಲಿನಿಂದಲೂ ಕೇಳುವುದಿಲ್ಲ. ಕೇಳಿದ್ದೆಲ್ಲ ಸರಸಕ್ಕ, ಕೇಳಿದ್ದು ತಪ್ಪಾಗಿರಬಹುದು ಎಂದು ಕಂಡುಹಿಡಿದದ್ದೂ ಸರಸಕ್ಕ. ಕಡೆಯ ಮಾತನ್ನು ಸರಸಕ್ಕ ಬೇಡ ಎಂದಳು. ಅವರು ಸುಗುಣನ ಕಡೆಗೆ ನೋಡಿ ಬರೆ ಎಂದರು. ಕಾರ್ಡನ್ನು ಬಾಗಿಯೇ ಅಂಚೆ ಡಬ್ಬಿಗೆ ಹಾಕಿ ಬಂದಳು. ಪಾತ್ರೆಯ ಮಾತು ಎತ್ತಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಪ್ರೇಮಣ್ಣ ಹೋದರು. ಮಂಗಳವಾರ ಸಂಜೆ ಸರಸಕ್ಕ ಏಳುವಾಗ ಅವರು ಅವಳ ಕೈಯ ಗಂಟನ್ನು ಮುಟ್ಟಿ ತಡೆದು ಹೇಳಿದ್ದೇ ಕಡೆಯ ಮಾತು. ಮಿಲ್ಲಿನ ಹಿಂದಿನ ಕೇಪಳದ ಗಿಡದಲ್ಲಿ ಬಲಗೈಯ ಹೊರಬೆರಳು ತುಂಡಾದ ಕಪ್ಪೆಯೊಂದು ಕೂರುತ್ತದಂತೆ, ಹೋದ ಮಳೆಗಾಲ ಮೂರು ಸಲ ಅದನ್ನು ಅಲ್ಲೇ ಕಂಡಿದ್ದರಂತೆ.

"ಅದ್ ಒಂದೇ ಕಪ್ಪಿ ಕೂಗುದ್ ಸೆಕೆ ದಿನ ಒಂದ್ ಸಲ ಕೇಣಿ, ತಂಪ್ ದಿನ ಒಂದ್ ಸಲ ಕೇಣಿ. ತುಂಡ್ ಬೆರಳ್ ಕಂಡ್ಕಂಡೇ ಕೇಣಿ, ಸರಸಕ್ಕ. ಗೊತ್ತಾಯ್ದಿದ್ರೆ ಗೊತ್ತಾಯ್ಲಿಲ್ಲೆ ಅಂದೇಳಿ ನೀವೇ ಬರೀನಿ."